ಮೇಳದ ಕಿರಿಯವನು

ಕಾವ್ಯವನ್ನು ಬರೆಯುವವನಿಗೆ ಒಂದು ದೀಪ, ಒಂದು ಲೇಖನಿ, ಒಂದಿಷ್ಟು ಏಕಾಂತ ದೊರೆತರೆ ಸಾಕು. ಕೃತಿಯು ಚೆನ್ನಾದರೆ ಕೀರ್ತಿಯೆಲ್ಲ ಅವನದು. ಕೆಟ್ಟರೆ ನಿಂದೆಯೂ ಅವನದೇ. ಮೇಳವನ್ನು ಕಟ್ಟಿಕೊಂಡು ಹಾಡುವವನ ಪಾಡು ಹಾಗಲ್ಲ. ತನ್ನ ಎದೆಯಲ್ಲಿ ಹುಟ್ಟಿದ ಹಾಡನ್ನು ಅವನು ಇತರರ ಕೈಗೆ ಕೊಡಬೇಕು. ಅವರು ಅದನ್ನು ಮೆಚ್ಚಬೇಕು. ಮೆಚ್ಚದಿದ್ದರೂ ಮನಸ್ಸಿಟ್ಟು ನುಡಿಸಬೇಕು. ಮೇಳದ ಹಿರಿಯರು ಮಹಾಪ್ರತಿಭಾವಂತರೂ ಆಗಿದ್ದು, ತಾನು ಎಲ್ಲರಿಗಿಂತ ಕಿರಿಯನಾದರೆ ಈ ಕಷ್ಟವು ಇಮ್ಮಡಿಯಾಗುತ್ತದೆ. ಇಂಗ್ಲೆಂಡಿನ ರಾಕ್ ಸಂಗೀತಗಾರನಾದ ಜಾರ್ಜ್ ಹ್ಯಾರಿಸನ್ನನ ಜೀವನವು ಇದಕ್ಕೆ ಒಂದು ನಿದರ್ಶನವಾಗಿದೆ.

ಹ್ಯಾರಿಸನ್ನನು ೧೯೪೩ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ನಗರದಲ್ಲಿ ಹುಟ್ಟಿದನು. ಅವನ ತಂದೆಯು ಬಸ್ಸಿನ ಚಾಲಕನಾಗಿದ್ದನು. ಒಂದೇ ಶಾಲೆಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದ ಪಾಲ್ ಮೆಕಾರ್ಟ್ನಿಯು ಇವನನ್ನು ಜಾನ್ ಲೆನನ್ನನ ಮೇಳಕ್ಕೆ ಪರಿಚಯಿಸಿದನು. ಇವನಿನ್ನೂ ಹುಡುಗನೆಂದು ಲೆನನ್ನನು ಮೊದಲು ಹಿಂಜರಿದನು. ಒಂದು ರಾತ್ರಿ ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತು ಗಿಟಾರಿನಲ್ಲಿ ಒಂದು ಮಟ್ಟನ್ನು ತಪ್ಪಿಲ್ಲದೆ ನುಡಿಸಿ ತೋರಿಸಿದ ಮೇಲೆ, ೧೯೫೮ರಲ್ಲಿ, ಸುಮಾರು ಹದಿನೈದರ ಈ ಬಾಲಕನಿಗೆ ಮೇಳದಲ್ಲಿ ಸ್ಥಾನ ದೊರೆಯಿತು. ೧೯೬೦ರಲ್ಲಿ ಮೇಳವು ಜರ್ಮನಿಯ ಹ್ಯಾಂಬುರ್ಗಿನಲ್ಲಿ ರಾತ್ರಿಯೆಲ್ಲ ನುಡಿಸುತ್ತಿದ್ದಾಗ, ಹದಿನೆಂಟು ತುಂಬದವನೆಂದು ಅಲ್ಲಿನ ಅಧಿಕಾರಿಗಳು ಇವನೊಬ್ಬನನ್ನು ಹಿಂದಕ್ಕೆ ಕಳುಹಿಸಿದರು. ೧೯೬೨ರಲ್ಲಿ ರಿಂಗೋ ಸ್ಟಾರ್ ಬಂದು ಸೇರಿದಾಗ ಬೀಟಲ್ಸ್ ಎಂಬ ಆ ಮೇಳವು ಪೂರ್ಣವಾಯಿತು. ಆಗಲೂ ಇವನೇ ಎಲ್ಲರಿಗಿಂತ ಕಿರಿಯವನು.

ಹಾಡು ಕಟ್ಟುವ ಕೆಲಸವೆಲ್ಲ ಲೆನನ್ ಮತ್ತು ಮೆಕಾರ್ಟ್ನಿಯರದಾಗಿತ್ತು. ಇವರು ದಿನಬೆಳಗಾದರೆ ಎದುರುಬದುರಾಗಿ ಕುಳಿತು ಹಾಡುಗಳನ್ನು ಹೊಸೆಯುತ್ತಿದ್ದರು. ತನ್ನಿಂದಲೂ ಇದು ಸಾಧ್ಯವೇ ಎಂಬ ಪ್ರಶ್ನೆಯು ಹ್ಯಾರಿಸನ್ನನ ಮನಸ್ಸಿನಲ್ಲಿ ಮೊಳೆತುದು ೧೯೬೩ರಲ್ಲಿ. ಬೋರ್ನ್‌ಮತ್ ಎಂಬ ಊರಿನ ಹೋಟೆಲಿನಲ್ಲಿ ಜ್ವರ ಹಿಡಿದು ಮಲಗಿದ್ದಾಗ, ಪರೀಕ್ಷೆಗೆಂದೇ ಒಂದು ಹಾಡನ್ನು ಕಟ್ಟಿದನು. ಅದು ಉತ್ತಮವಾದ ಹಾಡೇನೂ ಅಲ್ಲವೆಂದು ಅವನೇ ಮುಂದೆ ಒಪ್ಪಿಕೊಂಡನು. ಆದರೆ ಬರೆಯುತ್ತ ಹೋದರೆ ಎಂದಾದರೊಂದು ದಿನ ಒಳ್ಳೆಯದು ಬಂದೀತೆಂಬ ಧೈರ್ಯವನ್ನು ಅದು ಕೊಟ್ಟಿತು. ಅಕ್ಷರಾಭ್ಯಾಸದ ಮರಳಿನ ಮೇಲೆ ಬರೆದ ಮೊದಲ ಅಕ್ಷರದಿಂದ ಇದಕ್ಕಿಂತ ಹೆಚ್ಚಿನ ಪ್ರಯೋಜನವನ್ನು ಯಾರೂ ಬಯಸುವುದಿಲ್ಲ. ಅಂದಿನಿಂದ ಮೇಳದ ಧ್ವನಿಮುದ್ರಿಕೆಗಳಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಹಾಡುಗಳ ಪಾಲು ಇವನಿಗೆ ಬರತೊಡಗಿತು. ಇವನ ಹಾಡುಗಳು ಹೆಚ್ಚಿದವು. ಪಾಲು ಮಾತ್ರ ಬಹಳವಾಗಿ ಹೆಚ್ಚಲಿಲ್ಲ.

ಈ ನಡುವೆ ಅವನಿಗೆ ಇನ್ನೊಂದು ವಿದ್ಯೆಯ ಹಂಬಲ ಹತ್ತಿತು. ೧೯೬೬ರಲ್ಲಿ ಅವನು ಲಂಡನ್ನಿನಲ್ಲಿ ಪಂಡಿತ ರವಿಶಂಕರರನ್ನು ಕಂಡು, ಅದೇ ವರ್ಷ ಮುಂಬಯಿಗೆ ಬಂದು ಅವರ ಬಳಿ ಸಿತಾರಿನ ಪಾಠ ಹೇಳಿಸಿಕೊಂಡನು. ಒಮ್ಮೆ ಪಾಠದ ನಡುವೆ ದೂರವಾಣಿಯು ಮೊಳಗಲು, ಶಿಷ್ಯನು ಸಿತಾರನ್ನು ಕೆಳಗಿಟ್ಟು ಅದನ್ನು ದಾಟಿಕೊಂಡು ಎದ್ದು ಹೊರಟನು. ಗುರುಗಳು ಅವನ ಕಾಲಿಗೆ ಒಂದು ಏಟು ಕೊಟ್ಟು, ವಾದ್ಯಕ್ಕೆ ಮರ್ಯಾದೆ ತೋರುವುದೇ ಮೊದಲ ಪಾಠವೆಂದು ತಿಳಿಸಿದರು. ಲೋಕವೆಲ್ಲ ಹೊತ್ತು ಮೆರೆಸುತ್ತಿದ್ದ ಆ ಯುವಕನು ಇದನ್ನು ಅವಮಾನವೆಂದು ಎಣಿಸದೆ, ಕೊನೆಯವರೆಗೂ ಸಂತೋಷದಿಂದ ನೆನೆಯುತ್ತಿದ್ದನು. ಆದರೆ ಬಾಲ್ಯದಿಂದಲೇ ಸಾಧನೆ ಮಾಡಿದವರ ಸಾಲಿನಲ್ಲಿ ತಾನು ಎಂದಿಗೂ ನಿಲ್ಲಲಾರೆನೆಂದು ಎರಡು ಮೂರು ವರ್ಷಗಳಲ್ಲಿಯೇ ಕಂಡುಕೊಂಡು, ಮತ್ತೆ ತನ್ನ ಗಿಟಾರಿಗೆ ಮರಳಿದನು. ತನ್ನ ಶಕ್ತಿಯ ಎಲ್ಲೆಯನ್ನು ಹೀಗೆ ಅರಿತುಕೊಳ್ಳುವುದೂ ವಿದ್ಯೆಯ ಒಂದು ಫಲವೇ ಸರಿ.

೧೯೬೮ರಲ್ಲಿ ಅವನು ಹೆತ್ತವರ ಮನೆಯಲ್ಲಿದ್ದಾಗ, ಲೋಕದಲ್ಲಿ ಆಕಸ್ಮಿಕವೆಂಬುದೇ ಇಲ್ಲವೆಂಬ ಚೀನೀಯರ ಪ್ರಾಚೀನ ಗ್ರಂಥವೊಂದರ ತತ್ತ್ವವನ್ನು ಪರೀಕ್ಷಿಸಲೆಂದು, ಕೈಗೆ ಸಿಕ್ಕಿದ ಪುಸ್ತಕವನ್ನು ತೆರೆದು ಕಣ್ಣಿಗೆ ಬಿದ್ದ ಮೊದಲ ಮಾತನ್ನೇ ಹಿಡಿದು ಹಾಡು ಕಟ್ಟಿದನು. ಮೆಲ್ಲನೆ ಅಳುವ ಗಿಟಾರಿನ ಆ ಹಾಡು ಇಂದು ಲೋಕಪ್ರಸಿದ್ಧವಾಗಿದೆ. ಮೇಳದವರು ಮಾತ್ರ ಅಂದು ಅದಕ್ಕೆ ಮನಸ್ಸು ಕೊಡಲಿಲ್ಲ. ಹ್ಯಾರಿಸನ್ನನು ಜಗಳಕ್ಕೆ ಹೋಗದೆ, ತನ್ನ ಮಿತ್ರನಾದ ಎರಿಕ್ ಕ್ಲಾಪ್ಟನ್ ಎಂಬ ಗಿಟಾರುವಾದಕನನ್ನು ಧ್ವನಿಮುದ್ರಣದ ಕೊಠಡಿಗೆ ಕರೆತಂದನು. ಹೊರಗಿನವನು ಬಂದೊಡನೆ ಎಲ್ಲರೂ ಸೌಜನ್ಯವಂತರಾಗಿ ಶ್ರದ್ಧೆಯಿಂದ ನುಡಿಸಿದರು! ಅವಿಭಕ್ತ ಕುಟುಂಬಗಳಲ್ಲಿ ಬೆಳೆದವರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ. ಜಗಲಿಯ ಮೇಲೆ ನೆಂಟನೊಬ್ಬನು ಬಂದು ಕುಳಿತರೆ, ಒಳಗಿನ ಅಣ್ಣತಮ್ಮಂದಿರ ದನಿ ತಾನಾಗಿಯೇ ತಗ್ಗುತ್ತದೆ.

ಆದರೆ ನೆಂಟನು ಸದಾ ಮನೆಯಲ್ಲಿರುವುದಿಲ್ಲ. ೧೯೬೯ರ ಜನವರಿಯಲ್ಲಿ ಚಲಚ್ಚಿತ್ರದ ಯಂತ್ರಗಳ ಎದುರಿನಲ್ಲಿಯೇ ಮನಸ್ತಾಪವು ಹೊರಬಿದ್ದಿತು. ನುಡಿಸುವ ಬಗೆಯನ್ನು ಮೆಕಾರ್ಟ್ನಿಯು ತಿದ್ದಹೊರಟಾಗ, ಹೇಗೆ ಹೇಳಿದರೆ ಹಾಗೆ ನುಡಿಸುವೆನು, ಬೇಡವೆಂದರೆ ನುಡಿಸುವುದೇ ಇಲ್ಲ ಎಂಬ ಅರ್ಥದಲ್ಲಿ ಹ್ಯಾರಿಸನ್ನನು ಉತ್ತರವಿತ್ತನು. ದನಿಯೇನೋ ಶಾಂತವಾಗಿತ್ತು, ಒಳಗೆ ಹತ್ತು ವರ್ಷಗಳ ಕಹಿಯಿತ್ತು. ಆ ತಿಂಗಳ ೧೦ನೆಯ ತಾರೀಖು ಅವನು ಮೇಳವನ್ನು ಬಿಟ್ಟು ಮನೆಗೆ ಹೊರಟುಹೋದನು. ಕೆಲವು ದಿನಗಳ ಮೇಲೆ ಸಂಧಾನವಾಗಿ ಹಿಂದಿರುಗಿದನು. ಸ್ವಲ್ಪದರಲ್ಲಿಯೇ ಬಿಲ್ಲಿ ಪ್ರೆಸ್ಟನ್ ಎಂಬ ವಾದಕನನ್ನೂ ಕರೆತಂದನು. ಮತ್ತೆ ಅದೇ ಉಪಾಯ, ಮತ್ತೆ ಅದೇ ಸೌಜನ್ಯ.

ಆ ವರ್ಷದ ಏಪ್ರಿಲಿನಲ್ಲಿ, ವ್ಯವಹಾರದ ಸಭೆಯೊಂದಕ್ಕೆ ಹೋಗದೆ ತಪ್ಪಿಸಿಕೊಂಡು, ಕ್ಲಾಪ್ಟನ್ನನ ತೋಟದಲ್ಲಿ ಅಡ್ಡಾಡುತ್ತ, ದೀರ್ಘವಾದ ಚಳಿಗಾಲದ ಮೇಲೆ ಮೂಡಿದ ಸೂರ್ಯನನ್ನು ಕುರಿತು ಅವನು ಕಟ್ಟಿದ ಹಾಡು ಎಲ್ಲರ ಬಾಯಲ್ಲಿಯೂ ನಿಂತಿತು. ಅದೇ ಮುದ್ರಿಕೆಯಲ್ಲಿದ್ದ ಅವನ ‘ಸಂಥಿಂಗ್’ ಎಂಬ ಪ್ರೇಮಗೀತವನ್ನು ಹಿರಿಯರಿಬ್ಬರೂ ಮನಸಾರೆ ಹೊಗಳಿದರು. ಕಿರಿಯವನಿಗೆ ಬೇಕಾಗಿದ್ದ ಮಾತು ಬಂದಿತು. ಆದರೆ ಮನೆ ಒಡೆಯುವ ಹೊತ್ತಿಗೆ ಬಂದಿತು. ಮೇಳವು ಒಡೆಯುವ ಮುನ್ನ ಧ್ವನಿಮುದ್ರಿಸಿದ ಕಡೆಯ ಹೊಸ ಹಾಡು ಇವನದೇ. ೧೯೭೦ರ ಜನವರಿ ೩ರಂದು ಅದನ್ನು ಹಾಡಿದಾಗ ಲೆನನ್ನನು ಊರಿನಲ್ಲಿರಲಿಲ್ಲ. ಉಳಿದ ಮೂವರೇ ನುಡಿಸಿದರು. ಹಾಡಿನ ವಸ್ತುವಾದರೋ, ನಾನು, ನನ್ನದು ಎಂಬ ಅಹಂಕಾರ ಮಮಕಾರಗಳೇ. ೧೯೮೦ರಲ್ಲಿ ತನ್ನ ಹಾಡುಗಳ ಕಥೆಯನ್ನು ಪುಸ್ತಕವಾಗಿ ಹೊರಡಿಸಿದಾಗ, ಅವನು ಆ ಗ್ರಂಥಕ್ಕೂ ‘ಐ ಮಿ ಮೈನ್’ ಎಂಬ ಅದೇ ಹೆಸರನ್ನಿಟ್ಟನು. ಇತರರ ಅಹಂಕಾರವನ್ನು ಕಂಡು ಬೇಸತ್ತವನು, ತನ್ನ ಹೆಸರಿನ ಪುಸ್ತಕದಲ್ಲಿ ಅದನ್ನು ತನ್ನ ಮೇಲೆಯೇ ಹಾಕಿಕೊಂಡನೆಂದು ತೋರುತ್ತದೆ.

ಮೇಳವು ಒಡೆದೊಡನೆ, ಕಟ್ಟೆಯ ಹಿಂದೆ ನಿಂತಿದ್ದ ನೀರು ನುಗ್ಗಿತು. ೧೯೭೦ರ ನವೆಂಬರಿನಲ್ಲಿ ಮೂರು ತಟ್ಟೆಗಳ ಮುದ್ರಿಕೆಯೊಂದು ಇವನೊಬ್ಬನ ಹೆಸರಿನಲ್ಲಿ ಹೊರಬಂದಿತು. ಅದರಲ್ಲಿದ್ದ ‘ಮೈ ಸ್ವೀಟ್ ಲಾರ್ಡ್’ ಎಂಬ ಭಕ್ತಿಗೀತದಲ್ಲಿ ಕ್ರೈಸ್ತರ ಸ್ತುತಿಘೋಷದೊಡನೆ ಕೃಷ್ಣನಾಮವೂ, ನಮ್ಮ ಪಾಠಶಾಲೆಯ ಬಾಲಕರು ನಿತ್ಯವೂ ಹೇಳುವ ಗುರುಸ್ತುತಿಯೂ ಸೇರಿಕೊಂಡಿವೆ. ೧೯೭೧ರ ಆಗಸ್ಟ್ ೧ರಂದು, ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ರವಿಶಂಕರರು ಕೇಳಿಕೊಂಡ ಮೇರೆಗೆ, ನ್ಯೂಯಾರ್ಕ್ ನಗರದಲ್ಲಿ ಗೆಳೆಯರನ್ನೆಲ್ಲ ಕೂಡಿಸಿ ಎರಡು ಕಚೇರಿಗಳನ್ನು ನಡೆಸಿದನು.

ಕೀರ್ತಿಯ ಬೆನ್ನಿಗೇ ಅಪಕೀರ್ತಿಯೂ ಬಂದಿತು. ಆ ಭಕ್ತಿಗೀತದ ಮಟ್ಟು ೧೯೬೩ರ ಒಂದು ಅಮೆರಿಕನ್ ಹಾಡಿನದೆಂದು ವ್ಯಾಜ್ಯವಾಗಿ, ೧೯೭೬ರಲ್ಲಿ ನ್ಯಾಯಾಧೀಶರು, ಇವನು ಬೇಕೆಂದು ಕದ್ದವನಲ್ಲ, ಸುಪ್ತವಾದ ಮನಸ್ಸಿನಿಂದ ಅರಿಯದೆಯೇ ಅನುಕರಿಸಿದನೆಂದು ತೀರ್ಪಿತ್ತರು. ಕವಿಗಳ ಕೃತಿಗಳಲ್ಲಿ ಕಾಣುವ ಸಾದೃಶ್ಯವನ್ನು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಕನ್ನಡಿಯ ಪ್ರತಿಬಿಂಬದಂತಹುದು, ಚಿತ್ರದಂತಹುದು, ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂತಹುದು. ಮೊದಲಿನ ಎರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ. ಹ್ಯಾರಿಸನ್ನನ ಹಾಡು ಇವುಗಳಲ್ಲಿ ಯಾವ ಬಗೆಯದೆಂಬುದನ್ನು ಎರಡನ್ನೂ ಕೇಳಿದ ರಸಿಕರೇ ನಿರ್ಣಯಿಸಬೇಕು. ಆ ವ್ಯಾಜ್ಯದ ತರುವಾಯ, ತಾನು ಮುಟ್ಟಿದ ಸ್ವರವೆಲ್ಲ ಇನ್ನಾರದೋ ಸೊತ್ತಾಗಿದ್ದೀತೆಂಬ ಅಂಜಿಕೆಯು ಬಹುಕಾಲ ಅವನನ್ನು ಕಾಡಿತು. ನನ್ನದೆಂಬ ಹಾಡಿಗಾಗಿ ಅಷ್ಟು ಹೋರಾಡಿದವನಿಗೆ, ಹಾಡು ಯಾರದೆಂಬ ಪ್ರಶ್ನೆಯೇ ಇದಿರಾಗಿ ನಿಂತುದು ವಿಧಿಯ ವಿನೋದ.

೧೯೮೮ರಲ್ಲಿ ಅವನಿಗೆ ಹಠಾತ್ತಾಗಿ ಒಂದು ಹೆಚ್ಚಿನ ಹಾಡು ಬೇಕಾಯಿತು. ಬಾಬ್ ಡಿಲನ್, ರಾಯ್ ಆರ್ಬಿಸನ್, ಟಾಮ್ ಪೆಟಿ, ಜೆಫ್ ಲಿನ್ ಎಂಬ ಗೆಳೆಯರು ಡಿಲನ್ನನ ಮನೆಯಲ್ಲಿ ಕಲೆತರು. ಹಾಡಿಗೆ ಹೆಸರೇನೆಂಬ ಪ್ರಶ್ನೆ ಬರಲು, ಮೋಟಾರು ನಿಲ್ಲಿಸುವ ಕೊಟ್ಟಿಗೆಯಲ್ಲಿದ್ದ ಪೆಟ್ಟಿಗೆಯೊಂದರ ಮೇಲೆ, ಎಚ್ಚರಿಕೆಯಿಂದ ಎತ್ತಿಡಿರೆಂಬ ಚೀಟಿಯನ್ನು ಕಂಡ ಹ್ಯಾರಿಸನ್ನನು ಅದನ್ನೇ ಇಟ್ಟನು. ಒಬ್ಬೊಬ್ಬರೂ ಒಂದೊಂದು ಮಾತನ್ನು ಕೂಡಿಸಿ ಹಾಡನ್ನು ಮುಗಿಸಿದರು. ಐವರೂ ಸ್ವಂತ ಹೆಸರುಗಳನ್ನು ಬಿಟ್ಟು, ಒಂದೇ ಮನೆತನದ ಸೋದರರೆಂಬಂತೆ ಕಲ್ಪಿತನಾಮಗಳನ್ನಿಟ್ಟುಕೊಂಡು ಒಂದು ಮೇಳವಾದರು. ಅಲ್ಲಿ ಅವನು ಪಾಲು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

೨೦೦೧ರ ನವೆಂಬರ್ ೨೯ರಂದು ಹ್ಯಾರಿಸನ್ನನು ತೀರಿಕೊಂಡನು. ಅರ್ಧಕ್ಕೆ ನಿಂತಿದ್ದ ಅವನ ಕೊನೆಯ ಮುದ್ರಿಕೆಯನ್ನು ಮರುವರ್ಷ ಜೆಫ್ ಲಿನ್ನನೊಡನೆ ಕುಳಿತು ಮುಗಿಸಿದವನು ಅವನ ಒಬ್ಬನೇ ಮಗನು. ತಂದೆಯು ಆ ಮಗನಿಗೆ ಇಟ್ಟ ಹೆಸರು ಧನಿ. ಅದು ಸಿರಿವಂತನೆಂಬ ಅರ್ಥದ್ದಲ್ಲ. ಸಪ್ತಸ್ವರಗಳ ಧೈವತ, ನಿಷಾದಗಳೆರಡನ್ನೂ ಕೂಡಿಸಿ ಇಟ್ಟುದು. ಆ ಎರಡು ಸ್ವರಗಳನ್ನು ನುಡಿಸಿ ನಿಲ್ಲಿಸಿದರೆ, ಕೇಳುವ ಕಿವಿಯು ಮೇಲಿನ ಷಡ್ಜಕ್ಕಾಗಿ ಕಾಯುತ್ತದೆ.