ಗಾಳಿ ಸೋಕಿದ ಗಾಡಿ

ಮಲೆನಾಡಿನ ನಮ್ಮ ಕಡೆ ಗಾಳಿ ಎಂಬ ಮಾತಿಗೆ ಎರಡು ಅರ್ಥ. ಒಂದು ಬೀಸುವ ಗಾಳಿ, ಇನ್ನೊಂದು ಸೋಕುವ ಗಾಳಿ. ಮುಸ್ಸಂಜೆ ಹಳ್ಳದ ದಾರಿಯಲ್ಲಿ ಬಂದ ಮಗು ರಾತ್ರಿ ಬೆಚ್ಚಿಬಿದ್ದರೆ ಅದು ಎರಡನೆಯದು. ಹಾಗಾಗಿ ಚಿಕ್ಕಪ್ಪನ ಪಿಕಪ್ಪಿನ ಪವರ್ ಸ್ಟೀರಿಂಗಿಗೆ ಗಾಳಿ ಹೊಕ್ಕಿದೆ ಎಂದು ಕೇಳಿದಾಗ ಅಜ್ಜಿಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. "ಯಾರ ಕಣ್ಣೋ ಏನೋ" ಎಂದು ಸುಮ್ಮನಾದಳು.

ಚಿಕ್ಕಪ್ಪ ಮೂಡಿಗೆರೆ ಕಡೆಯಿಂದ ತರಕಾರಿ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವವನು. ಬೆಳಗಿನ ಜಾವ ಮೂರಕ್ಕೆ ಹೊರಡಬೇಕು. ಕೊಟ್ಟಿಗೆಹಾರ ದಾಟಿದರೆ ಮಂಜು, ಒಂದರ ಹಿಂದೊಂದು ಹೇರ್‌ಪಿನ್ ತಿರುವು. ಅಲ್ಲಿ ಸ್ಟೀರಿಂಗ್ ಬೆಣ್ಣೆಯಂತೆ ತಿರುಗುತ್ತ ತಿರುಗುತ್ತ ಅರ್ಧದಲ್ಲಿ ಬಿಗಿಯಾಗಿಬಿಡುತ್ತಿತ್ತು. "ಪೂರ್ತಿ ಗಟ್ಟಿಯಾದ್ರೆ ಗಟ್ಟಿ ಅಂತ್ಲೇ ಓಡಿಸಬಹುದು. ಇದು ತಿರುವಿನ ಮಧ್ಯ ಕೈಕೊಡ್ತದೆ" ಎನ್ನುತ್ತಿದ್ದ.

ಈ ಸ್ಟೀರಿಂಗಿನ ಪವರ್ ಇರುವುದು ಎಣ್ಣೆಯಲ್ಲಿ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಡಬ್ಬಿಯಿಂದ ಎಣ್ಣೆ ಎಳೆದು, ಟೈರಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚು ಒತ್ತಡದಲ್ಲಿ ಸ್ಟೀರಿಂಗ್ ಬಾಕ್ಸಿಗೆ ನೂಕುತ್ತದೆ. ನಾವು ತಿರುಗಿಸಿದ ಕಡೆಗೆ ಎಣ್ಣೆಯೂ ಹೆಗಲು ಕೊಡುತ್ತದೆ. ಅಮೆರಿಕದ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಇದನ್ನು ಮಾಡಿ ತೋರಿಸಿದರೂ, ಮಾರಾಟದ ಕಾರಿಗೆ ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಎಣ್ಣೆಯನ್ನು ಅದುಮಿದರೆ ಅದು ಕುಗ್ಗುವುದಿಲ್ಲ ಎಂದೇ ಹೇಳಬಹುದು. ಕೊಟ್ಟ ಬಲವನ್ನು ಹಾಗೆಯೇ ಆಚೆ ದಾಟಿಸುತ್ತದೆ. ಗಾಳಿ ಹಾಗಲ್ಲ, ಅದುಮಿದರೆ ಮುದುಡುತ್ತದೆ. ಎಣ್ಣೆಯಲ್ಲಿ ಗುಳ್ಳೆ ಸೇರಿತೆಂದರೆ ಪಂಪಿನ ಶ್ರಮ ಗುಳ್ಳೆ ಅದುಮುವುದರಲ್ಲೇ ಕಳೆಯುತ್ತದೆ.

ಪೇಟೆಯ ಗ್ಯಾರೇಜೊಂದರಲ್ಲಿ ಪಂಪು ಹೋಗಿದೆ, ಬಾಕ್ಸನ್ನೂ ಬದಲಿಸುವುದು ಒಳ್ಳೆಯದು ಎಂದರು. ದುಡ್ಡೆಂದರೆ ಚಿಕ್ಕಮ್ಮನ ಬಳೆ. ಅವು ಆಗಲೇ ಒಮ್ಮೆ ಸೊಸೈಟಿ ನೋಡಿಕೊಂಡು ಬಂದಿದ್ದವು. ಅವಳು ಬಳೆ ಕೊಡುವುದಿಲ್ಲ ಎನ್ನಲಿಲ್ಲ. "ಕೂಗೋದು ತಿರುಗಿಸುವಾಗ ಮಾತ್ರ ಅಲ್ವಾ? ನೇರ ಹೋಗುವಾಗ ಇಲ್ಲ. ಚಳಿಗೆ ಜಾಸ್ತಿ, ಬಿಸಿಲೇರಿದ ಮೇಲೆ ಕಮ್ಮಿ. ಇದನ್ನ ಅವ್ರಿಗೆ ಹೇಳಿದ್ರಾ?" ಎಂದು ಕೇಳಿದಳು. ಚಿಕ್ಕಪ್ಪ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ದಿನಾ ಮೂರು ಗಂಟೆಗೆ ಎದ್ದು ಚಹಾ ಕಾಯಿಸುತ್ತ, ಅಂಗಳದಲ್ಲಿ ಗಾಡಿ ತಿರುಗುವುದನ್ನು ಅಡುಗೆಮನೆಯಿಂದಲೇ ಕೇಳಿಸಿಕೊಂಡವಳು ಅವಳೊಬ್ಬಳೇ.

ಪಕ್ಕದೂರಿನ ಮೇಸ್ತ್ರಿ ಆ ಮಾತನ್ನೇ ಹಿಡಿದುಕೊಂಡರು. ಎಂಜಿನ್ ಓಡುತ್ತಿದ್ದಾಗ ಡಬ್ಬಿಯ ಮುಚ್ಚಳ ತೆಗೆದರೆ ಕೆಂಪು ಎಣ್ಣೆ ತಿಳಿಗುಲಾಬಿ ನೊರೆಯಾಗಿತ್ತು. ಎಂಜಿನ್ ಆರಿಸಿದೊಡನೆ ಡಬ್ಬಿಯಲ್ಲಿ ಎಣ್ಣೆ ಮೇಲೇರಿತು. ಹೆಚ್ಚಿದ್ದು ಎಣ್ಣೆಯಲ್ಲ; ಒತ್ತಡದಲ್ಲಿ ಮುದುಡಿದ್ದ ಗಾಳಿ ಅರಳಿತ್ತು.

ಚಿಕ್ಕಪ್ಪ ಒಪ್ಪಲಿಲ್ಲ. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿ ಬೆಳಿಗ್ಗೆ ನೋಡುವುದು ಅವನ ಅಭ್ಯಾಸ. ಒಂದು ಹನಿಯೂ ಬಿದ್ದಿರಲಿಲ್ಲ. ಮೇಸ್ತ್ರಿ ಡಬ್ಬಿಯಿಂದ ಪಂಪಿಗೆ ಹೋಗುವ ಗಿಡ್ಡ ಪೈಪು ತೋರಿಸಿದರು. "ಇದು ಎಳ್ಕೊಳ್ಳೋ ಪೈಪು. ಇದು ಸಡಿಲಾದ್ರೆ ಎಣ್ಣೆ ಸೋರಲ್ಲ, ಗಾಳಿ ಎಳೀತದೆ." ಚಳಿಗೆ ಎಣ್ಣೆ ಮಂದವಾದಷ್ಟೂ ಪಂಪು ಜೋರಾಗಿ ಎಳೆಯಬೇಕು, ಗಾಳಿಯೂ ಅಷ್ಟೇ ಜೋರಾಗಿ ನುಗ್ಗುತ್ತದೆ. ಅವರು ಪೈಪಿನ ಬಾಯಿಯ ಸುತ್ತ ದಪ್ಪಗೆ ಗ್ರೀಸು ಮೆತ್ತಿ ಎಂಜಿನ್ ಹಾಕಿಸಿದರು. ಸ್ವಲ್ಪ ಹೊತ್ತಿಗೆ ಕೂಗು ತಗ್ಗಿತು. ಎಂಜಿನ್ನಿನ ಕಾವಿಗೆ ಪೈಪಿನ ರಬ್ಬರು ಸೆಟೆದು, ಕ್ಲಿಪ್ಪು ಬಿಗಿದರೂ ಹಿಡಿತ ಉಳಿದಿರಲಿಲ್ಲ. ಹೊಸ ಪಂಪು ಹಾಕಿದ್ದರೂ ಅದೇ ಪೈಪಿನಿಂದ ಅದೇ ಗಾಳಿ ಬರುತ್ತಿತ್ತು. ನೊರೆಯೆಣ್ಣೆಯಲ್ಲೇ ಓಡಿಸುತ್ತ ಹೋಗಿದ್ದರೆ ಆ ಪಂಪೂ ಸವೆಯುತ್ತಿತ್ತು.

ಪೈಪು, ಕ್ಲಿಪ್ಪು ಬದಲಿಸಿದ ಮೇಲೆ ಒಳಗೆ ಉಳಿದ ಗಾಳಿ ಬಿಡಿಸುವ ಕೆಲಸ. ಮುಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ, ಎಂಜಿನ್ ಹಾಕದೆ, ಸ್ಟೀರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಗೆ ನಿಧಾನವಾಗಿ 20 ಸಲ ತಿರುಗಿಸಬೇಕು. ಡಬ್ಬಿ ನೋಡುತ್ತ ಗುಳ್ಳೆ ಬಂದಾಗ ಹೇಳುವುದು ನನ್ನ ಪಾಲು. ಎಣ್ಣೆ ಇಳಿದಂತೆ ಮೇಸ್ತ್ರಿ ತುಂಬಿಸುತ್ತಿದ್ದರು. ಚಿಕ್ಕಪ್ಪನಿಗೆ ಅವಸರ. ಮೇಸ್ತ್ರಿ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರು. ಗುಳ್ಳೆ ಇರುವಾಗಲೇ ಎಂಜಿನ್ ಹಾಕಿದರೆ ಪಂಪು ಅದನ್ನು ಮಜ್ಜಿಗೆಯಂತೆ ಕಡೆದುಬಿಡುತ್ತದೆ. ಆ ನೊರೆ ಇಳಿಯಲು ಮತ್ತೆ ಗಂಟೆಗಟ್ಟಲೆ ಕಾಯಬೇಕು. ಗುಳ್ಳೆ ನಿಂತ ಮೇಲಷ್ಟೇ ಎಂಜಿನ್ ಹಾಕಿ, ಕೊನೆ ಮುಟ್ಟಿದಲ್ಲಿ ಒತ್ತಿ ಹಿಡಿಯದೆ, ಇನ್ನಷ್ಟು ಸಲ ತಿರುಗಿಸಿದ್ದಾಯಿತು.

ಎರಡು ದಿನ ಘಾಟಿ ಬೇಡ, ಊರಲ್ಲೇ ಓಡಿಸಿ ಎಣ್ಣೆ ನೋಡಿ ಎಂದರು ಮೇಸ್ತ್ರಿ. ಎರಡು ಸಂತೆ ತಪ್ಪಿತೆಂದು ಗೊಣಗಿದರೂ ಚಿಕ್ಕಪ್ಪ ಮನೆಯಲ್ಲೇ ಉಳಿದ. ಬಳೆ ಎಲ್ಲಿಗೂ ಹೋಗಲಿಲ್ಲ.

ಮೂರನೆಯ ದಿನ ಬೆಳಗಿನ ಜಾವ ಅವನು ಗಾಡಿ ಹೊರತೆಗೆದು, ಹೊರಡದೆ ನಿಂತ. ಅಡುಗೆಮನೆಯ ಕಿಟಕಿಯತ್ತ ನೋಡುತ್ತ ಸ್ಟೀರಿಂಗನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಪೂರ್ತಿ ತಿರುಗಿಸಿದ. ಚಿಕ್ಕಮ್ಮ ಉಕ್ಕುತ್ತಿದ್ದ ಹಾಲು ಇಳಿಸಿ, ಸ್ಟೌ ಆರಿಸಿ ಕಿವಿಗೊಟ್ಟಳು.

"ಇನ್ನೊಂದ್ಸಲ ತಿರುಗಿಸಿ" ಎಂದಳು. ತಿರುಗಿಸಿದ.

"ಈಗ ಹೊರಡಿ."