ಮಗಳ ಗಿಟಾರು, ಮಂಟಪದ ಮೈಕು

ಕಲ್ಯಾಣ ಮಂಟಪದ ಮೈಕು ಎಂದರೆ ನಮಗೆಲ್ಲ ಗೊತ್ತಿರುವುದೇ. ಪುರೋಹಿತರ ಮಂತ್ರ ಊಟದ ಹಾಲಿನವರೆಗೂ ಕೇಳುತ್ತದೆ. ಯಾವ ಮಂತ್ರ ಎಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ದನಿ ದೊಡ್ಡದಾಗುವುದು ಬೇರೆ, ದನಿ ಸ್ವಚ್ಛವಾಗಿ ಕೇಳುವುದು ಬೇರೆ. ಇವೆರಡರ ವ್ಯತ್ಯಾಸ ಕಲಿಯಲು ನಮ್ಮ ಮನೆಯಲ್ಲಿ ಆರು ತಿಂಗಳು ಹಿಡಿಯಿತು. ಕಲಿಸಿದ್ದು ನನ್ನ ಮಗಳ ಗಿಟಾರು.

"ಗಿಟಾರಿನ ಸುದ್ದಿ ನಮಗ್ಯಾಕ್ರೀ, ಗರಿಗರಿ ಚಕ್ಕುಲಿ ಮಾಡೋದು ಹೇಳಿ" ಅಂತೀರೇನೋ. ಸ್ವಲ್ಪ ತಾಳಿ. ಈಗ ಬೀದಿಗೆ ನಾಲ್ಕು ಮನೆಯಲ್ಲಾದರೂ ಗಿಟಾರು ಇದ್ದೇ ಇದೆ. ಮಕ್ಕಳು ನುಡಿಸುತ್ತಾರೆ, ನಾವು ಮೆಚ್ಚುತ್ತೇವೆ. ಶಾಲೆಯ ವಾರ್ಷಿಕೋತ್ಸವಕ್ಕೋ ಗಣೇಶನ ಪೆಂಡಾಲಿಗೋ ಹತ್ತಿದಾಗ ಮನೆಯಲ್ಲಿ ಕೇಳಿದ ಆ ಇಂಪಾದ ನಾದ ಎಲ್ಲಿ ಹೋಯಿತು ಎಂದು ತಾಯಂದಿರು ಮುಖ ಮುಖ ನೋಡಿಕೊಳ್ಳುತ್ತೇವೆ.

ನಮ್ಮತ್ತೆಯವರು ಮೈಸೂರಿನವರು. ವೀಣೆ ಬಲು ಚೆನ್ನಾಗಿ ನುಡಿಸುತ್ತಿದ್ದರು. ನೆಂಟರಿಷ್ಟರ ಮದುವೆಗಳಲ್ಲಿ ಅವರನ್ನು ಕರೆದು ಕೂರಿಸುತ್ತಿದ್ದರು. ಮಾತು, ನಗು, ಮಕ್ಕಳ ಅಳು, ಪಾತ್ರೆಯ ಸದ್ದು, ಇವುಗಳ ನಡುವೆ ವೀಣೆಯ ನಾದ ಮೂರನೇ ಸಾಲಿಗೂ ಮುಟ್ಟುತ್ತಿರಲಿಲ್ಲ. ಒಂದು ದಿನ ವೀಣೆಗೆ ಗೌಸು ಹಾಕಿ ಮೂಲೆಯಲ್ಲಿಟ್ಟರು. ಮತ್ತೆ ತೆಗೆಯಲಿಲ್ಲ. ನಾನು ಕೇಳಿದಾಗ, "ಯಾರಿಗೂ ಕೇಳಿಸದ ಮೇಲೆ ನುಡಿಸಿ ಏನಮ್ಮಾ" ಎಂದಿದ್ದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಆ ಮಾತು ಮಾತ್ರ ನನ್ನ ಕಿವಿಯಲ್ಲಿ ಹಾಗೇ ಇದೆ.

ಮಗಳು ಹಗಲೆಲ್ಲ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾಳೆ. ಶನಿವಾರ, ಭಾನುವಾರ ಗಿಟಾರು ಹಿಡಿದು ಹಾಡುತ್ತಾಳೆ. ಭಾವಗೀತೆ, ಹಳೇ ಸಿನಿಮಾ ಹಾಡು. ೨೦೨೩ರಲ್ಲಿ ಒಂದು ದಿನ, "ಅಮ್ಮಾ, ಒಂದು ವರ್ಷ ಕೆಲಸ ಬಿಟ್ಟು ಇದನ್ನೇ ಮಾಡಲಾ?" ಎಂದಳು. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆಯೇ, "ಮೊದಲು ನಿನ್ನ ಗಿಟಾರು ನಾಲ್ಕು ಜನಕ್ಕೆ ಸರಿಯಾಗಿ ಕೇಳಿಸಲಿ, ಆಮೇಲೆ ನೋಡೋಣ" ಅಂದರು.

ಆ ಡಿಸೆಂಬರಿನಲ್ಲಿ ಒಂದು ಆರತಕ್ಷತೆಗೆ ಅವಳನ್ನು ಕರೆದರು. ಮೊದಲ ಹಾಡಿಗೇ 'ಗುಂಯ್' ಎಂದು ಶುರುವಾದದ್ದು ಊಳಿಟ್ಟು ಕಿವಿ ಗಡಚಿಕ್ಕಿತು. ಮೈಕಿನವನು ಸೌಂಡು ತಗ್ಗಿಸಿದ, ಗಿಟಾರು ಕೇಳಿಸದಾಯಿತು. ಏರಿಸಿದ, ಮತ್ತೆ ಊಳು. ಏನಾದರೂ ಕೇಳಿಸಿದರೆ ಅದು ಬಾತುಕೋಳಿ ಕೂಗಿದ ಹಾಗೆ. ಕಡೆಗೆ ಗಂಡಿನ ಕಡೆಯವರೊಬ್ಬರು ಬಂದು, "ಸಾಕಮ್ಮಾ, ಫೋನಿನಲ್ಲೇ ಹಾಡು ಹಾಕ್ತೀವಿ" ಎಂದುಬಿಟ್ಟರು. ಮನೆಗೆ ಬಂದವಳು ಗಿಟಾರನ್ನು ಚೀಲಕ್ಕೆ ತುರುಕಿ ಮಂಚದ ಕೆಳಗೆ ತಳ್ಳಿದಳು. ಒಂದು ತಿಂಗಳು ಅದರ ಮಾತೇ ಎತ್ತಲಿಲ್ಲ. ನನಗೆ ಅತ್ತೆಯವರ ವೀಣೆ ನೆನಪಾಯಿತು. ಸುಮ್ಮನಿರುವುದಕ್ಕೆ ಆಗಲಿಲ್ಲ.

ಗ್ಯಾಸ್ ಲೈಟರಿನ ಪಾಠ

ನಮ್ಮ ಬೀದಿಯಲ್ಲಿ ನಾಟಕಗಳಿಗೆ ಮೈಕು ಕಟ್ಟಿ ತಲೆ ನರೆತ ಹಿರಿಯರೊಬ್ಬರಿದ್ದಾರೆ. ಕಾಫಿಗೆ ಕರೆದೆ. ಗಿಟಾರು ತರಿಸಿ ನೋಡಿದರು. "ಗಿಟಾರಿನದು ತಪ್ಪಿಲ್ಲಮ್ಮಾ. ಇದರ ಸ್ವಭಾವ ಗೊತ್ತಿಲ್ಲದೆ ಮೈಕ್‌ಸೆಟ್ಟಿಗೆ ಗಂಟು ಹಾಕಿದ್ದಾರೆ" ಎಂದವರು, "ನಿಮ್ಮ ಗ್ಯಾಸ್ ಲೈಟರು ಕೊಡಿ" ಅಂದರು!

ಲೈಟರಿನ ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಒಂದು ಬಗೆಯ ಹರಳಿಗೆ ಬಡಿಯುತ್ತದೆ. ಏಟಿಗೆ ಹರಳಿನಲ್ಲಿ ವಿದ್ಯುತ್ ಹುಟ್ಟಿ ಕಿಡಿ ಹಾರುತ್ತದೆ. ಒತ್ತಿದರೆ ವಿದ್ಯುತ್ ಕೊಡುವ ಹರಳಿನ ಈ ಗುಣವನ್ನು ೧೮೮೦ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸೋದರರು. ಪಿಯರ್ ಎಂದರೆ ನಮ್ಮ ಮೇರಿ ಕ್ಯೂರಿಯ ಪತಿ. ರೇಡಿಯಂ ಸಂಶೋಧನೆಯಲ್ಲಿ ಆ ತಾಯಿ ಅತಿ ಸಣ್ಣ ವಿದ್ಯುತ್ತನ್ನು ಅಳೆದದ್ದೂ ಇಂಥ ಹರಳಿನ ಉಪಕರಣದಿಂದಲೇ. ಅದಕ್ಕೆ ಪೀಜೋ ಎಂದು ಹೆಸರು.

ವೀಣೆಗೆ ಕುದುರೆ ಇದ್ದ ಹಾಗೆ ಗಿಟಾರಿಗೂ ತಂತಿಗಳು ಕೂರುವ ಒಂದು ಪಟ್ಟಿ ಉಂಟು. ಅದರ ಅಡಿಯಲ್ಲಿ ಈ ಪೀಜೋ ಪಟ್ಟಿ ಇಡುತ್ತಾರೆ. ತಂತಿ ಮಿಡಿದಾಗಲೆಲ್ಲ ಅದು ಅದುಮಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದೇ ಪಿಕಪ್. ಅಮೆರಿಕದಲ್ಲಿ ಹೆಲಿಕಾಪ್ಟರ್ ತಯಾರಿಸುತ್ತಿದ್ದ ಚಾರ್ಲ್ಸ್ ಕಾಮನ್ ಎಂಬಾತ ೧೯೬೬ರಲ್ಲಿ ಓವೇಷನ್ ಎಂಬ ಗಿಟಾರು ಹೊರತಂದರು. ೧೯೭೦ರ ಆಸುಪಾಸಿನಲ್ಲಿ ಅದರೊಳಗೇ ಇಂಥ ಪಿಕಪ್ ಕೂರಿಸಿದರು. ಇವತ್ತು ಸಾಧಾರಣ ಗಿಟಾರಿನಲ್ಲೂ ಇದು ಬರುತ್ತದೆ.

ಆದರೆ ಮನೆಯಲ್ಲಿ ನಾವು ಕೇಳುವ ಗಿಟಾರು ಬರೀ ತಂತಿಯದಲ್ಲ. ಮರದ ಹಲಗೆ, ಒಳಗಿನ ಗಾಳಿ ಎಲ್ಲ ಸೇರಿದ ನಾದ ಅದು. ಕುದುರೆಯ ಕೆಳಗೆ ಕೂತ ಪೀಜೋಗೆ ತಂತಿಯ ಒತ್ತಡ ತಿಳಿದಷ್ಟು ಮರದ ದನಿ ತಿಳಿಯದು. ಬಾತುಕೋಳಿಯ ಕೂಗು ಬಂದದ್ದು ಅಲ್ಲಿಂದ. ಸಾಲದ್ದಕ್ಕೆ ಆ ವಿದ್ಯುತ್ತು ಬಡಪಾಯಿ. ನೇರವಾಗಿ ಮಿಕ್ಸರಿಗೆ ಸಿಕ್ಕಿಸಿದರೆ (ನಮ್ಮ ಚಟ್ನಿಯ ಮಿಕ್ಸಿ ಅಲ್ಲ, ಸೌಂಡಿನದು) ಮಂದ್ರದ ನಾದವೆಲ್ಲ ಸೊರಗಿ ಬರೀ ಚರಚರ ಉಳಿಯುತ್ತದೆ. ಅದಕ್ಕೆ ಬಲ ಕೊಡಲು ನಡುವೆ ಪ್ರಿಆಂಪ್ ಬೇಕು. ಮಗಳ ಗಿಟಾರಿನ ಮಗ್ಗುಲಲ್ಲೇ ಅದಿತ್ತು, ೯ ವೋಲ್ಟಿನ ಸೆಲ್ಲಿನಿಂದ ನಡೆಯುವಂಥದು. ಸೆಲ್ಲು ತೆಗೆದು ಪರೀಕ್ಷಿಸಿದರೆ ಪ್ರಾಣವೇ ಇಲ್ಲ! ವೈರು ಚುಚ್ಚಿರುವಷ್ಟು ಹೊತ್ತೂ ಇಂಥ ಗಿಟಾರು ಸೆಲ್ಲನ್ನು ತಿನ್ನುತ್ತಲೇ ಇರುತ್ತದಂತೆ. ನಮ್ಮ ಹುಡುಗಿ ರಾತ್ರಿಯೆಲ್ಲ ವೈರು ಚುಚ್ಚಿಯೇ ಮಲಗುತ್ತಿದ್ದಳು.

ಊಳಿಡುವುದೇಕೆ?

"ಅತ್ತೆ ಸೊಸೆಗೆ ಅಂದದ್ದನ್ನು ಸೊಸೆ ಗಂಡನಿಗೆ ಹೇಳ್ತಾಳೆ. ಗಂಡ ಇನ್ನಷ್ಟು ಸೇರಿಸಿ ತಾಯಿಗೆ ಹೇಳ್ತಾನೆ. ಸುತ್ತು ಸುತ್ತಿಗೂ ಮಾತು ಬೆಳೆಯೋಲ್ವೇನಮ್ಮಾ? ಹಾಗೇ ಇದು" ಎಂದರು ಹಿರಿಯರು. ಸ್ಪೀಕರಿನಿಂದ ಹೊರಟ ಶಬ್ದ ಗಿಟಾರಿನ ಟೊಳ್ಳು ಹೊಟ್ಟೆಯನ್ನು ನಡುಗಿಸುತ್ತದೆ. ಆ ನಡುಕವನ್ನು ಪಿಕಪ್ ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಸುತ್ತುತ್ತಾ ಸುತ್ತುತ್ತಾ ಊಳು. ಇದೇ ಫೀಡ್‌ಬ್ಯಾಕ್.

ಗಿಟಾರಿನ ಅತಿ ದಪ್ಪ ತಂತಿಯ ಶ್ರುತಿ ಸುಮಾರು ೮೨ ಹರ್ಟ್ಜ್. ದೊಡ್ಡ ಹೊಟ್ಟೆಯ ಗಿಟಾರಿನ ಒಳಗಾಳಿ ೧೦೦ ಹರ್ಟ್ಜ್ ಆಸುಪಾಸಿನಲ್ಲಿ, ಮುಂದಿನ ಹಲಗೆ ೨೦೦ರ ಆಸುಪಾಸಿನಲ್ಲಿ ತಾನಾಗಿ ಮಿಡಿಯುತ್ತವೆ. ಊಳು ಹುಟ್ಟುವುದು ಹೆಚ್ಚಾಗಿ ಈ ಜಾಗಗಳಲ್ಲೇ. ಪೂರ್ತಿ ಸೌಂಡು ತಗ್ಗಿಸಿದರೆ ಹಾಡೇ ಹೋಯಿತು. ಹುಳುಕು ಇರುವಷ್ಟನ್ನು ಮಾತ್ರ ಬದನೆಕಾಯಿಯಲ್ಲಿ ಕತ್ತರಿಸಿ ತೆಗೆಯುವುದಿಲ್ಲವೆ, ಹಾಗೆ ಆ ಒಂದು ಸ್ವರದ ಜಾಗವನ್ನು ಮಾತ್ರ ಇಳಿಸಬೇಕು. ನಾಚ್ ಎಂಬ ತಿರುಪು ಮಾಡುವುದು ಅದೇ ಕೆಲಸ. ಸೌಂಡನ್ನು ನಿಧಾನ ಏರಿಸುತ್ತಾ ಹೋಗಿ, ಗುಂಯ್‌ಗುಟ್ಟಲು ಶುರುವಾದ ಕೂಡಲೆ ನಿಲ್ಲಿಸಿ, ದನಿ ಅಡಗುವವರೆಗೆ ಆ ತಿರುಪನ್ನು ತಿರುಗಿಸುವುದು. ಕೆಲವು ಗಿಟಾರುಗಳಲ್ಲಿ ಫೇಸ್ ಎಂಬ ಗುಂಡಿ ಇರುತ್ತದೆ. ಒಮ್ಮೊಮ್ಮೆ ಅದನ್ನು ಒತ್ತಿದರೇ ಸಾಕು, ಗಲಾಟೆ ಶಾಂತ. ಗಿಟಾರಿನ ತೂತಿಗೆ ಮುಚ್ಚುವ ರಬ್ಬರಿನ ಮುಚ್ಚಳವೂ ಸಿಗುತ್ತದೆ.

ಇನ್ನು ವೈರು. ಮಂಟಪದಲ್ಲಿ ಗಿಟಾರಿನಿಂದ ಮಿಕ್ಸರಿನವರೆಗೆ ಹದಿನೈದು ಮೀಟರ್ ತೆಳುವಾದ ವೈರು ಎಳೆದಿದ್ದರು. ದೀಪದ ಸರ, ಜನರೇಟರು, ಎಲ್ಲದರ ಗುಯ್‌ಗುಟ್ಟುವಿಕೆಯನ್ನೂ ಅದು ಹೀರಿಕೊಂಡಿತ್ತು. ಇದಕ್ಕೆ ಡಿ.ಐ. ಬಾಕ್ಸ್ ಎಂಬ ಪುಟ್ಟ ಡಬ್ಬಿ ಇದೆ. ಸಾಧಾರಣದ್ದಾದರೆ ಒಂದು ಒಳ್ಳೆಯ ಕುಕ್ಕರಿನ ಬೆಲೆ. ಗಿಟಾರಿನಿಂದ ಅದರವರೆಗೆ ಮೂರ್ನಾಲ್ಕು ಮೀಟರ್ ವೈರು ಸಾಕು. ಅಲ್ಲಿಂದ ಮುಂದೆ ಮೈಕಿನ ವೈರು. ಆ ವೈರಿನಲ್ಲಿ ಒಂದೇ ನಾದ ಎರಡು ಎಳೆಗಳಲ್ಲಿ, ಒಂದಕ್ಕೊಂದು ತಿರುವುಮುರುವಾಗಿ ಸಾಗುತ್ತದೆ. ದಾರಿಯಲ್ಲಿ ಸೇರಿದ ಕೊಳೆ ಎರಡು ಎಳೆಗೂ ಒಂದೇ ಸಮ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಕೊಳೆ ಅಳಿದು ನಾದ ಉಳಿಯುತ್ತದೆ. ಲೆಕ್ಕ ಬರೆಯುವ ನನ್ನ ಮಗಳಿಗೆ ಇದು ಥಟ್ಟನೆ ಹೊಳೆಯಿತು. "ಜಮಾ ಖರ್ಚು ಟ್ಯಾಲಿ ಆದಂಗೆ ಅಲ್ವಾ ಮಾಮಾ?" ಎಂದಳು. ತಿಂಗಳಾದ ಮೇಲೆ ನಕ್ಕದ್ದು ಅವತ್ತೇ.

ಕಾಫಿ ಮುಗಿಸಿ ಏಳುವಾಗ ಹಿರಿಯರ ಕಣ್ಣು ಮೂಲೆಯ ವೀಣೆಯ ಮೇಲೆ ಬಿತ್ತು. ವೀಣೆಗೂ ಇಂಥ ಪಿಕಪ್ ಹಚ್ಚುತ್ತಾರೆ, ಕಾಂಟ್ಯಾಕ್ಟ್ ಮೈಕ್ ಎನ್ನುತ್ತಾರೆ. ಅದರಿಂದ ವೀಣೆಯ ಸಹಜ ನಾದ ಕೆಡುತ್ತದೆ ಎಂದು ಸಂಗೀತ ಬಲ್ಲವರಲ್ಲಿ ದೊಡ್ಡ ವಾದವೇ ಉಂಟು. ಆ ವಾದದಲ್ಲಿ ಸತ್ಯ ಇಲ್ಲದೆ ಇಲ್ಲ. ಆದರೆ ನಾದ ಸ್ವಲ್ಪ ಕೆಡುವುದಕ್ಕೂ ಯಾರಿಗೂ ಕೇಳದೇ ಹೋಗುವುದಕ್ಕೂ ನಡುವೆ ಒಂದನ್ನು ಆರಿಸಿಕೊಳ್ಳಿ ಎಂದು ನಮ್ಮತ್ತೆಯವರನ್ನು ಯಾರೂ ಕೇಳಲಿಲ್ಲವಲ್ಲ ಎಂದು ನನಗನಿಸಿತು.

ಸೌಂಡು ನಾವು ನೋಡ್ಕೋತೀವಿ

೨೦೨೪ರ ಮೇ ತಿಂಗಳಲ್ಲಿ ಮಲ್ಲೇಶ್ವರದಲ್ಲಿ ಮತ್ತೊಂದು ಆರತಕ್ಷತೆ. ಎರಡು ಗಂಟೆ ಮೊದಲೇ ಹೋದೆವು. ಅಲ್ಲಿಯ ಹುಡುಗ ಡಬ್ಬಿ, ವೈರು ನೋಡಿ, "ನೀವು ಹಾಡಿ ಮೇಡಂ ಸಾಕು, ಸೌಂಡು ನಾವು ನೋಡ್ಕೋತೀವಿ" ಎಂದ. ಎಷ್ಟು ಸಲ ಕೇಳಿದ್ದೇವೆ ಈ ಮಾತನ್ನು! ಬ್ಯಾಂಕಿನಲ್ಲಿ, ಗ್ಯಾರೇಜಿನಲ್ಲಿ, ಮನೆ ಕಟ್ಟಿಸುವಾಗ. ಹೋದ ಸಲ ಮಗಳು ತೆಪ್ಪಗೆ ಒಪ್ಪಿಕೊಂಡಿದ್ದಳು. ಈ ಸಲ ನಗುನಗುತ್ತಲೇ, "ಹಾಗಲ್ಲ ಅಣ್ಣಾ, ೮೦ರ ಕೆಳಗಿನದನ್ನು ಪೂರ್ತಿ ಕಟ್ ಮಾಡಿ. ೧೦೦ರ ಹತ್ತಿರ ಸ್ವಲ್ಪ ಇಳಿಸಿ. ಸ್ಪೀಕರು ನನ್ನ ಬೆನ್ನ ಹಿಂದೆ ಬೇಡ, ಮುಂದಕ್ಕೆ ತನ್ನಿ" ಎಂದಳು. ಹುಡುಗ ಒಂದು ಕ್ಷಣ ನೋಡಿದ. ಆಮೇಲೆ, "ಓ, ಗೊತ್ತಾ ನಿಮಗೆ!" ಎಂದವನು ತಾನೇ ಸ್ಪೀಕರು ಎತ್ತಿ ಮುಂದಿಟ್ಟ. ಕೆಲಸ ಬಲ್ಲವರೊಡನೆ ಕೆಲಸದ ಮಾತಿನಲ್ಲೇ ಮಾತಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ನನ್ನ ಪಾಲಿಗೆ ಬಂದದ್ದು ಹಾಲಿನಲ್ಲಿ ಓಡಾಡುವ ಕೆಲಸ. ಮೊದಲ ಸಾಲು, ನಡುವೆ, ಕಂಬದ ಹಿಂದೆ, ಕೊನೆಯ ಸಾಲು, ಎಲ್ಲ ಕಡೆ ನಿಂತು ಕೇಳಿ ಕೈಸನ್ನೆ ಮಾಡುವುದು. ಖಾಲಿ ಹಾಲಿನಲ್ಲಿ ಚುರುಕಾಗಿ ಕೇಳಿದ ನಾದ ಜನ ತುಂಬಿದಾಗ ಮಂಕಾಗುತ್ತದೆ. ಅಷ್ಟೊಂದು ಮೈ, ಅಷ್ಟೊಂದು ರೇಷ್ಮೆ ಸೀರೆ ತಾರಸ್ವರಗಳನ್ನು ಹೀರಿಬಿಡುತ್ತವೆ. ಹಾಗಾಗಿ ಎರಡನೇ ಹಾಡಿನ ಹೊತ್ತಿಗೆ ಟ್ರೆಬಲ್ ತುಸು ಏರಿಸಬೇಕಾಯಿತು.

ಎಲ್ಲವೂ ಸುಸೂತ್ರ ಎಂದು ಹೇಳಲಾರೆ. ಕರೆಂಟು ಹೋಗಿ ಜನರೇಟರಿಗೆ ಬದಲಾದಾಗ ಒಮ್ಮೆ 'ಟಪ್' ಎಂದಿತು. ಜನ ಮಾತಾಡುತ್ತಲೇ ಇದ್ದರು. ಆರತಕ್ಷತೆ ಎಂದರೆ ಅದೇ ತಾನೆ. ಆದರೆ ಬಾತುಕೋಳಿ ಇರಲಿಲ್ಲ, ಊಳಿರಲಿಲ್ಲ. ಬೆರಳು ತಂತಿಯ ಮೇಲೆ ಜಾರುವುದೂ ಕೊನೆಯ ಸಾಲಿಗೆ ಕೇಳುತ್ತಿತ್ತು. ನಮ್ಮ ಮನೆಯವರು ಅಲ್ಲೇ ಕೂತಿದ್ದರು. ಆಟೋದಲ್ಲಿ ಬರುವಾಗ ಗಂಟಲು ಸರಿಮಾಡಿಕೊಂಡು, "ಮೂರನೇ ಹಾಡಿನಲ್ಲಿ ಒಂದು ತಂತಿ ಶ್ರುತಿ ಇಳಿದಿತ್ತಲ್ವಾ?" ಎಂದರು. ಮಗಳಿಗೆ ಕೋಪ ಬಂದೀತೆಂದು ನಾನು ಕಾದರೆ ಅವಳು ಹಿಗ್ಗಿಹೋದಳು. "ಅಪ್ಪನಿಗೆ ಅದೂ ಕೇಳಿಸ್ತಲ್ಲಮ್ಮಾ!"

ಕೆಲಸ ಬಿಡುವ ಮಾತು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಆದರೆ ಈಗ ನಡೆಯುವ ಚರ್ಚೆ ಸಂಪಾದನೆಯ ಲೆಕ್ಕದ್ದು. ಕೇಳಿಸುತ್ತದೋ ಇಲ್ಲವೋ ಎಂಬುದರದ್ದಲ್ಲ. ಗಿಟಾರು ಮಂಚದ ಮೇಲಿದೆ.

ನಿಮ್ಮ ಮನೆಯಲ್ಲೂ ನುಡಿಸುವ ಮಕ್ಕಳಿದ್ದರೆ ಇಷ್ಟನ್ನು ನೆನಪಿಡಿ:

• ಕಾರ್ಯಕ್ರಮದ ದಿನ ಹೊಸ ಸೆಲ್ಲು ಹಾಕಿ, ಇನ್ನೊಂದು ಜೊತೆಗಿರಲಿ. ನುಡಿಸಿದ ಮೇಲೆ ವೈರು ತೆಗೆದಿಡಿ.

• ಡಿ.ಐ. ಬಾಕ್ಸ್ ಮತ್ತು ಗಿಟಾರಿನ ವೈರು ನಿಮ್ಮದೇ ಇರಲಿ.

• ಮನೆಯ ಪುಟ್ಟ ಬೈಠಕ್ಕಿಗೆ ಪಿಕಪ್ಪಿಗಿಂತ ಮೈಕು ಚೆನ್ನ. ತೂತಿನ ಎದುರಿಗೆ ಬೇಡ, ಬರೀ ಗುಮ್ಮೆನ್ನುತ್ತದೆ. ಹನ್ನೆರಡನೆಯ ಮೆಟ್ಟಿಲಿನ ಹತ್ತಿರ, ಒಂದು ಗೇಣು ದೂರದಲ್ಲಿಡಿ.

• ಗುಯ್‌ಗುಟ್ಟುತ್ತದೆ ಎಂದು ಯಾರಾದರೂ ಪ್ಲಗ್ಗಿನ ಮೂರನೇ ಪಿನ್ನು, ಅಂದರೆ ಅರ್ತಿನದು, ತೆಗೆಯಲು ಹೊರಟರೆ ಖಂಡಿತ ಬಿಡಬೇಡಿ. ಕೈಯಲ್ಲಿ ತಂತಿ, ತುಟಿಯ ಬಳಿ ಮೈಕು. ಶಾಕ್ ಹೊಡೆದರೆ ಪ್ರಾಣಕ್ಕೇ ಅಪಾಯ. ಡಿ.ಐ. ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಇರುವುದೇ ಇದಕ್ಕಾಗಿ.

• ಜನ ಬರುವ ಮೊದಲು ಒಬ್ಬರು ಕೊನೆಯ ಸಾಲಿನಲ್ಲಿ ನಿಂತು ಕೇಳಲಿ. ಆ ಕೆಲಸಕ್ಕೆ ತಾಯಿಯ ಕಿವಿಗಿಂತ ಒಳ್ಳೆಯ ಯಂತ್ರ ಇಲ್ಲ.

ಬುಧವಾರ ಮಗಳಿಗೆ ಇನ್ನೊಂದು ಕಾರ್ಯಕ್ರಮವಿದೆ. ಈಗ ಅಂಗಡಿಗೆ ಹೊರಟಿದ್ದೇನೆ. ಚೀಟಿಯಲ್ಲಿ ಕೊತ್ತಂಬರಿ, ತೆಂಗಿನಕಾಯಿ, ಅರ್ಧ ಕೇಜಿ ಬೀನ್ಸು. ಅದರ ಕೆಳಗೆ ಅವಳ ಅಕ್ಷರದಲ್ಲಿ, ೯ ವೋಲ್ಟಿನ ಸೆಲ್ಲು ಎರಡು.