ಒಂದು ಸಹಿಗಾಗಿ ನಾಲ್ಕು ತಿಂಗಳು

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕಾರಣ, ಮನೆ. ಬಾಡಿಗೆದಲ್ಲ, ಸ್ವಂತದ್ದು! (ಇನ್ನು ಇಪ್ಪತ್ತು ವರ್ಷ ಬ್ಯಾಂಕಿನದ್ದೇ, ಇರಲಿ ಬಿಡಿ :-))

2024ರ ದಸರಾ ಕಳೆದ ಮೇಲೆ ಹುಡುಕೋಕೆ ಶುರು ಮಾಡಿದ್ವಿ. ಶನಿವಾರ ಬಂತೆಂದರೆ ನಾನು, ನನ್ನಾಕೆ ಬೈಕ್ ಹತ್ತಿ ಕೆಂಗೇರಿ, ಉತ್ತರಹಳ್ಳಿ, ತಲಘಟ್ಟಪುರ ಅಂತ ಸುತ್ತೋದು. 27 ಮನೆ ನೋಡಿದ್ವಿ. ಒಂದರಲ್ಲಿ ಗಾಳಿ ಇಲ್ಲ, ಒಂದಕ್ಕೆ ಓಸಿ ಇಲ್ಲ, ಇನ್ನೊಂದರಲ್ಲಿ ಎಲ್ಲಾ ಇದೆ, ನಮ್ಮ ಹತ್ರ ದುಡ್ಡಿಲ್ಲ. 28ನೆಯದು ಇಬ್ಬರಿಗೂ ಹಿಡಿಸಿತು. ಹಳೇ ಫ್ಲಾಟು, ಅಡುಗೆಮನೆಗೆ ಬೆಳಗಿನ ಬಿಸಿಲು. 60 ಲಕ್ಷ. ಬ್ಯಾಂಕು ಕೊಡೋದು ಹೆಚ್ಚೆಂದರೆ ಶೇ. 80. ಉಳಿದ 12 ಲಕ್ಷದಲ್ಲಿ 7 ನಮ್ಮ ಉಳಿತಾಯ, 5 ಲಕ್ಷ ಅಪ್ಪ ಅಡಿಕೆ ಮಾರಿ ಕೊಟ್ಟಿದ್ದು. 2025ರ ಮೇ ತಿಂಗಳಲ್ಲಿ ಒಂದು ಲಕ್ಷ ಟೋಕನ್ ಕೊಟ್ಟೇಬಿಟ್ಟೆ.

ಆಮೇಲೆ ಕಾಗದಪತ್ರ ವಕೀಲರ ಕೈಗೆ ಹೋಯ್ತು (ಇದು ಉಲ್ಟಾ ಆಗಬೇಕಿತ್ತು, ನೀವು ಈ ತಪ್ಪು ಮಾಡಬೇಡಿ). ಇಸಿಯಲ್ಲಿ ಸಾಲ, ಅಡಮಾನ ಏನೂ ಇಲ್ಲ. ಖಾತೆ ಮಾರುವವರ ಹೆಸರಲ್ಲೇ ಇದೆ. ನಾನು ಖುಷಿಯಲ್ಲಿದ್ದೆ. ವಕೀಲರು ವಂಶವೃಕ್ಷದ ಮೇಲೆ ಪೆನ್ನಿಟ್ಟು ಕೇಳಿದರು, "ಈ ಮಗಳು ಎಲ್ಲಿ?"

ಮನೆ ಮಾರುವವರ ತಂದೆ ಸ್ವಂತ ದುಡಿಮೆಯಲ್ಲಿ ಕೊಂಡಿದ್ದು. ಉಯಿಲು ಬರೆಯದೆ ತೀರಿಕೊಂಡಿದ್ದರು, ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಹಾಗಾದಾಗ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರಕಾರ ಮಗಳಿಗೂ ಮಗನಷ್ಟೇ ಪಾಲು. ಖಾತೆ ಅನ್ನೋದು ತೆರಿಗೆ ಯಾರ ಹೆಸರಲ್ಲಿ ಅನ್ನೋ ಲೆಕ್ಕ ಅಷ್ಟೇ, ಒಡೆತನದ ಪತ್ರ ಅಲ್ಲ.

"ಅವಳಿಗೆ ಏನೂ ಬೇಡ ಸಾರ್, ಮದುವೆ ಮಾಡಿ ಕೊಟ್ಟಾಗಿದೆ" ಅಂದರು ಅಣ್ಣ. ನಾನೂ ಅದನ್ನೇ ವಕೀಲರಿಗೆ ಹೇಳಿದೆ.

"ಬೇಡ ಅಂತ ಅವರು ಹೇಳಿದ್ರಾ, ಅಣ್ಣ ಹೇಳಿದ್ದಾ?"

ಸಿಟ್ಟು ಬಂತು, ನಿಜ ಹೇಳ್ತೀನಿ. ಅಣ್ಣ ಅಫಿಡವಿಟ್ ಕೊಡ್ತೀನಿ ಅಂದರು. ಆಫೀಸಿನ ಗೆಳೆಯ ಬೇರೆ ವಕೀಲರನ್ನು ನೋಡು ಅಂದ. ನನ್ನಾಕೆ "ಲಕ್ಷ ಹೋದರೆ ಹೋಗಲಿ, ಬೇರೆ ನೋಡೋಣ" ಅಂದಳು. ಎರಡೂ ಮಾಡದೆ ಪ್ರತಿ ಭಾನುವಾರ ಸಂಜೆ ಅವರಿಗೆ ಫೋನ್ ಮಾಡಿ ಒಂದೇ ಮಾತು ಹೇಳೋಕೆ ಶುರು ಮಾಡಿದೆ: "ನಿಮ್ಮ ತಂಗಿ ಸಹಿ ಬೇಕು." ಜೂನ್ ಹೋಯ್ತು, ಜುಲೈ ಹೋಯ್ತು. "ಮುಂದಿನ ವಾರ ಸಾರ್." ಅಷ್ಟರಲ್ಲಿ ಆಗಸ್ಟ್ 31ರಿಂದ ಸರ್ಕಾರ ನೋಂದಣಿ ಶುಲ್ಕವನ್ನು ಶೇ. 1ರಿಂದ 2ಕ್ಕೆ ಏರಿಸಿತು. ಮುದ್ರಾಂಕ ಶುಲ್ಕದ ಜೊತೆಗೆ ನನಗೆ ಇನ್ನೂ 60 ಸಾವಿರ ಹೆಚ್ಚಾಯ್ತು. ತಾಳಿದವನು ಬಾಳಿಯಾನು ಅಂತಾರಲ್ಲ, ಅದಕ್ಕೂ ಶುಲ್ಕ ಇದೆ ಅಂತ ಗೊತ್ತಿರಲಿಲ್ಲ.

ಸೆಪ್ಟೆಂಬರಲ್ಲಿ ಅಣ್ಣನೇ ಫೋನ್ ಮಾಡಿದರು. "ದುಡ್ಡು ಎರಡು ಹೆಸರಿಗೆ ಡಿಡಿ ಮಾಡಿಸಿ, ಅರ್ಧ ತಂಗಿಗೆ."

ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಆಕೆ ನನ್ನ ಪಕ್ಕ ಕೂತಿದ್ದರು. ನಮ್ಮ ಸರದಿ ಬರೋಕೆ ಮೂರು ಗಂಟೆ ಆಯ್ತು. "ಸುಮ್ನೆ ಸಹಿ ಹಾಕು ಅಂತಿದ್ದ ಅಣ್ಣ. ಹಾಕಲ್ಲ ಅಂದೆ. ನೀವು ಬೇಸತ್ತು ಬೇರೆ ಮನೆ ನೋಡ್ಕೊಳ್ತೀರ, ಅವನು ಇನ್ಯಾರಿಗೋ ಹೇಗೋ ಮಾರ್ತಾನೆ ಅಂದ್ಕೊಂಡಿದ್ದೆ. ನೀವು ಬಿಡಲಿಲ್ಲ ನೋಡಿ" ಅಂದರು.

ನನಗೆ ನಾಚಿಕೆಯಾಯ್ತು. ನಾನು ಬಿಡದೆ ಇದ್ದದ್ದು ನನ್ನ ಒಂದು ಲಕ್ಷಕ್ಕೆ, ಆ ಬಿಸಿಲಿಗೆ. ಆಕೆಯ ನೆನಪು ನನಗೆ ಒಂದು ದಿನವೂ ಬಂದಿರಲಿಲ್ಲ.

ಬೆರಳಚ್ಚು ಕೊಟ್ಟು, ಫೋಟೋ ತೆಗೆಸಿಕೊಂಡು ಹೊರಗೆ ಬಂದಾಗ ಇನ್ನೊಂದು ಹೊಳೆಯಿತು. ಅಪ್ಪ ಕೊಟ್ಟ ಐದು ಲಕ್ಷ. ಸಾಗರದಲ್ಲಿರೋ ನನ್ನಕ್ಕನನ್ನ ನಾವು ಯಾರಾದರೂ ಕೇಳಿದ್ದೆವಾ?

ರಾತ್ರಿ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ನಕ್ಕಳು. "ಮನೆ ರಿಜಿಸ್ಟರ್ ಆದ್ಮೇಲೆ ಕೇಳ್ತಿದ್ದೀಯಲ್ಲೋ ಮಾರಾಯ!" ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಅದು ನೀನು ಅಪ್ಪಂಗೆ ಕೊಡಬೇಕಾದ ಸಾಲ ಅಂತ ಒಂದು ಕಡೆ ಬರೆದಿಡು." ಬೇಡ ಅನ್ನಲಿಲ್ಲ.

ಬರೆದಿಟ್ಟಿದ್ದೇನೆ. ಇಎಂಐ ಪಟ್ಟಿಯಲ್ಲಿ ಬ್ಯಾಂಕಿನ ಕೆಳಗೆ ಇನ್ನೊಂದು ಸಾಲು.